ಬಿಚ್ಚದ ಆನೆ, ಮೂಗ ಆಮೆ

ನಮ್ಮ ಗೆಳೆಯ ಗೇಟಿಗೆ ಆ ಹೆಸರು ಬಂದದ್ದು ಬಲ್ಬ್ ಕಾರ್ಖಾನೆಯ ದೊಡ್ಡ ಮುಷ್ಕರದಲ್ಲಿ. ಮಾಲೀಕರ ಲಾರಿ ಒಳಗೆ ನುಗ್ಗುತ್ತದೆ ಎಂದು ಸುದ್ದಿ ಬಂದಾಗ ನಾವೆಲ್ಲ ಘೋಷಣೆ ಕೂಗುತ್ತ ನಿಂತಿದ್ದೆವು. ಈ ಪುಣ್ಯಾತ್ಮ ಸೀದಾ ಹೋಗಿ ಗೇಟಿಗೆ ಅಡ್ಡ ಮಲಗಿದ. ಲಾರಿ ಆಗಲೇ ಹಿಂದಿನ ದಾರಿಯಿಂದ ಒಳಗೆ ಹೋಗಿ ಸರಕು ಇಳಿಸುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಆದರೂ ಮಲಗಿದ್ದು ಮಲಗಿದ್ದೇ. ಯಾರೂ ಬರದ ದಾರಿಗೆ ಅಡ್ಡ ಮಲಗಿದವನಿಗೆ ನಾವು ಹಾರ ಹಾಕಿ ಮೆರವಣಿಗೆ ಮಾಡಿದೆವು. ಅಂದಿನಿಂದ ಅವನು ಗೇಟು. ಅವನನ್ನು ಸ್ವಂತ ಹೆಸರಿಂದ ಕರೆಯುವವರು ಈಗ ಬ್ಯಾಂಕಿನವರು ಮಾತ್ರ.

ಕಾರ್ಖಾನೆಯಲ್ಲಿ ಅವನದು ಪರೀಕ್ಷೆ ವಿಭಾಗ. ಹೆಸರು ಕೇಳಿ ದೊಡ್ಡದೇನೋ ಎಂದುಕೊಳ್ಳಬೇಡಿ. ಬೆಲ್ಟಿನ ಮೇಲೆ ಬರುವ ಬಲ್ಬನ್ನು ಎತ್ತುವುದು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸುವುದು. ಒಳಗೆ ಸಣ್ಣಗೆ ಕಿಣಿ ಎಂದರೆ ತಂತಿ ಕಡಿದಿದೆ, ಬುಟ್ಟಿಗೆ ಎಸೆಯುವುದು. ಸದ್ದಿಲ್ಲದಿದ್ದರೆ ಪಾಸು. ಪಾಸಾದದ್ದು ಪಕ್ಕದ ಪ್ಯಾಕಿಂಗ್ ವಿಭಾಗಕ್ಕೆ ಹೋಗುತ್ತಿತ್ತು. ಅಲ್ಲಿ ಅದನ್ನು ರಟ್ಟಿನ ಡಬ್ಬಿಗೆ ತುಂಬುವವರ ಪೈಕಿ ಅವನ ಹೆಂಡತಿಯೂ ಒಬ್ಬರು, ನಮಗೆಲ್ಲ ಅತ್ತಿಗೆ. ಇವನ ಕಿವಿ ತಪ್ಪಿಸಿಕೊಂಡು ಬಂದ ಬಲ್ಬನ್ನು ಅವರ ಕಿವಿ ಹಿಡಿಯುತ್ತಿತ್ತು. ಅವರು ಅದನ್ನು ಬೆಲ್ಟಿನ ಮೇಲೆ ಹಿಂದಕ್ಕೆ ತಳ್ಳುತ್ತಿದ್ದರು, ಬಾಯಿಬಿಟ್ಟು ಒಂದು ಮಾತೂ ಆಡುತ್ತಿರಲಿಲ್ಲ. ಅವರಿಬ್ಬರ ಮದುವೆಗೆ ಮುಂಚಿನ ಮಾತುಕತೆ ಎಂದರೆ ಇಷ್ಟೇ, ಹಿಂದಕ್ಕೆ ಬಂದ ಬಲ್ಬುಗಳು.

ಹೊಸ ಬಗೆಯ ದೀಪ ಬಂದು ಬಲ್ಬು ಕೇಳುವವರಿಲ್ಲದೆ ಕಾರ್ಖಾನೆ ಮುಚ್ಚಿತು. ನಮ್ಮಲ್ಲಿ ಕೆಲವರು ಕುಡಿತಕ್ಕೆ ಬಿದ್ದರು, ಕೆಲವರು ದೇವರಿಗೆ ಬಿದ್ದರು, ನಾನು ಬರವಣಿಗೆಗೆ ಬಿದ್ದೆ. ಗೇಟು ಬಿದ್ದದ್ದು ಯಂತ್ರದ ಪ್ರಾಣಿಗಳಿಗೆ.

ಗೊತ್ತಿಲ್ಲದವರಿಗೆ ಹೇಳಬೇಕು. ನಾವು ಚಿಕ್ಕವರಿದ್ದಾಗ ದೊಡ್ಡ ಅಂಗಡಿಗಳ ಗಾಜಿನ ಹಿಂದೆ ಒಂದು ಬಗೆಯ ಪೆಟ್ಟಿಗೆ ಇರುತ್ತಿತ್ತು. ಮೇಲೆ ಆನೆ, ಕುದುರೆ, ಏಡಿ, ಆಮೆ ಹೀಗೆ ಯಾವುದಾದರೂ ಒಂದು ಪ್ರಾಣಿಯ ಬಣ್ಣದ ಚಿತ್ರ. ಒಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗ, ಹಲ್ಲಿನ ಚಕ್ರ, ಒಂದು ಪುಟ್ಟ ಮೋಟಾರು ಅಥವಾ ಕೀಲಿ ಕೊಡುವ ಸ್ಪ್ರಿಂಗು. ಮನೆಯಲ್ಲಿ ಕೂತು ಜೋಡಿಸಿದರೆ ಪ್ರಾಣಿ ಎದ್ದು ನಡೆಯುತ್ತದೆ. ನಮ್ಮಪ್ಪಂದಿರು ಯಾರಿಗೂ ಅದನ್ನು ಕೊಡಿಸಲಿಲ್ಲ. ಗೇಟು ಇದನ್ನು ದೊಡ್ಡ ದುಃಖದ ಹಾಗೆ ಹೇಳಿಕೊಳ್ಳುತ್ತಾನೆ. ನಮ್ಮಪ್ಪ ನನಗೆ ಚಪ್ಪಲಿಯನ್ನೇ ಕೊಡಿಸಲಿಲ್ಲ, ನಾನು ಚಪ್ಪಲಿ ಅಂಗಡಿ ಇಟ್ಟೆನೇ?

ಅವನು ಇಟ್ಟ. ಮುಚ್ಚಿಹೋದ ಆಟಿಕೆ ಅಂಗಡಿಗಳ ಗೋದಾಮು, ಗುಜರಿ, ಸತ್ತವರ ಮನೆಯ ಅಟ್ಟ, ಎಲ್ಲ ಕಡೆ ತಡಕಾಡಿ ಪೆಟ್ಟಿಗೆ ತಂದ. ಅವರ ಮನೆಯಲ್ಲಿ ಅಡುಗೆಮನೆ, ಮಲಗುವ ಕೋಣೆ ಬಿಟ್ಟರೆ ಇದ್ದದ್ದು ಬೀದಿ ಕಡೆಯ ಒಂದು ಒಳ್ಳೆಯ ಕೋಣೆ. ಎರಡು ಕಿಟಕಿ, ಹೊತ್ತು ಮುಳುಗುವ ತನಕ ಬೆಳಕು. ಅದರ ನಾಲ್ಕೂ ಗೋಡೆಗೆ ಹಲಗೆ ಹೊಡೆದು ಪೆಟ್ಟಿಗೆ ಜೋಡಿಸಿದ. ಚಿತ್ರದ ಬಣ್ಣ ಮಾಸಬಾರದು ಎಂದು ಕಿಟಕಿಗೆ ಕಪ್ಪು ಬಟ್ಟೆ ಬಡಿದ. ಮನೆಯಲ್ಲಿದ್ದ ಬೆಳಕೆಲ್ಲ ಇದ್ದದ್ದು ಆ ಕೋಣೆಯಲ್ಲಿ, ಅದಕ್ಕೇ ಬೇಡವಾದದ್ದೂ ಬೆಳಕೇ.

ಒಂದನ್ನಾದರೂ ಜೋಡಿಸಿದನೇ ಎಂದು ಕೇಳುವವರು ಈ ಲೋಕವನ್ನು ಅರಿಯದವರು. ಪೆಟ್ಟಿಗೆಯ ಅಂಚಿಗೆ ಅಂಟಿಸಿದ ಪಟ್ಟಿ ಹರಿಯದೆ ಇದ್ದರೆ ಮಾತ್ರ ಅದು ಮಾಲು. ಹರಿದರೆ ಬರೀ ಪ್ಲಾಸ್ಟಿಕ್ಕು. ಆದ್ದರಿಂದ ಗೇಟು ಯಾವುದನ್ನೂ ಬಿಚ್ಚಲಿಲ್ಲ. ಬಿಚ್ಚದೆ ವಿಮರ್ಶೆ ಬರೆದ.

ವಿಮರ್ಶೆಯ ವಿಧಾನ ಅವನ ಸ್ವಂತದ್ದು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಕಿವಿಗೆ ಹಿಡಿದು ಅಲುಗಾಡಿಸುವುದು. ಬಲ್ಬಿನವನಿಗೆ ಬೇರೇನು ಬರುತ್ತದೆ? ಒಳಗಿನ ಸದ್ದು ಕೇಳಿ ಪ್ರಾಣಿಯ ಗುಣ ಹೇಳುತ್ತಿದ್ದ. ಕುದುರೆ ಸ್ವಲ್ಪ ಮುಂಗೋಪಿ. ಏಡಿಯ ಎಡಗಾಲಿನಲ್ಲಿ ಅನುಮಾನ. ಎಲ್ಲಕ್ಕಿಂತ ಮೇಲೆ ಆನೆ, ಅವನು ಮೊದಲು ತಂದ ಪೆಟ್ಟಿಗೆ. ಅದನ್ನು ಅಲುಗಾಡಿಸಿದರೆ ಗಲಗಲ ಎಂದು ತುಂಬು ನಾದ. ಅದಕ್ಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದ. ಪ್ರತಿ ವರ್ಷ ಮತ್ತೆ ಅಲುಗಾಡಿಸಿ ಮರುವಿಮರ್ಶೆ ಬರೆಯುತ್ತಿದ್ದ. ವರ್ಷದಿಂದ ವರ್ಷಕ್ಕೆ ಆನೆಯ ದನಿ ಪಕ್ವವಾಗುತ್ತಿದೆ, ಹಳೆಯ ಗಾಯಕರ ಗಂಟಲಿನ ಹಾಗೆ ಎಂದು ಒಮ್ಮೆ ಬರೆದ. ಎಲ್ಲಕ್ಕಿಂತ ಕೆಳಗಿನ ಹಲಗೆಯ ಮೂಲೆಯಲ್ಲಿ ಕೀಲಿ ಕೊಡುವ ಆಮೆ. ಎಷ್ಟು ಕುಲುಕಿದರೂ ಪಿಟ್ಟೆನ್ನುತ್ತಿರಲಿಲ್ಲ. ಮೂಗ, ಜೀವವಿಲ್ಲ ಎಂದು ಬರೆದು ಒಂದೇ ನಕ್ಷತ್ರ ಕೊಟ್ಟು ಮುಗಿಸಿದ್ದ. ಫೋನು ಬಂದ ಮೇಲೆ ಅಲುಗಾಡಿಸುವುದನ್ನೇ ಚಿತ್ರೀಕರಿಸಿ ಊರ ಮುಂದೆ ಹಾಕಿದ. ಇಯರ್‌ಫೋನ್ ಹಾಕಿಕೊಂಡು ಕೇಳಿ ಎಂದು ಮೊದಲೇ ಎಚ್ಚರಿಕೆ ಕೊಡುತ್ತಿದ್ದ. ಕೇಳುವ ಜನವೂ ಇದ್ದರು ನೋಡಿ. ಮರುಳನಿಗೆ ಮರುಳರು ಸಿಕ್ಕೇ ಸಿಗುತ್ತಾರೆ, ಹುಡುಕಬೇಕಾಗಿಲ್ಲ.

ಅವರಿಗೊಂದು ಬಳಗವೂ ಇತ್ತು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರ ಆಸ್ಪತ್ರೆಗೆ ರಜೆ ಇದ್ದ ದಿನ, ರೋಗಿಗಳು ಕೆನ್ನೆ ಹಿಡಿದು ಕೂರುವ ಬೆಂಚಿನ ಮೇಲೆ ಇವರು ಪೆಟ್ಟಿಗೆ ಹಿಡಿದು ಕೂರುತ್ತಿದ್ದರು. ನಾನು ಒಂದೆರಡು ಸಲ ಹೋಗಿದ್ದೆ. ಹಾಳಾದ್ದು, ನಮ್ಮ ಪಕ್ಷದ ಸಭೆಯೇ. ನಿರ್ಣಯ, ತಿದ್ದುಪಡಿ, ಆತ್ಮವಿಮರ್ಶೆ, ಎಲ್ಲ ಇತ್ತು. ಕೊನೆಗೆ ಒಡಕೂ ಬಂತು. ಸೈಕಲ್ ರಿಪೇರಿಯವನೊಬ್ಬ ತನ್ನ ಏಡಿಯನ್ನು ಬಿಚ್ಚಿ, ಜೋಡಿಸಿ, ಸಭೆಯ ಮೇಜಿನ ಮೇಲೆ ನಡೆಸಿಬಿಟ್ಟ. ಬಿಚ್ಚುವವರು ಒಂದು ಬಣ, ಬಿಚ್ಚದವರು ಒಂದು ಬಣ. ಬಿಚ್ಚುವವರು ತಮ್ಮ ಏಡಿಯ ಹಿಂದೆ ಸಾಲಾಗಿ ನಡೆದು ಹೊರಗೆ ಹೋದರು. ಬಿಚ್ಚದವರ ಸಿದ್ಧಾಂತ ಬರೆದವನು ಗೇಟು. ಬಿಚ್ಚುವುದು ಆತುರಗಾರರ ರೋಗ, ಪ್ರಾಣಿಯ ನಿಜವಾದ ನಡಿಗೆ ಪೆಟ್ಟಿಗೆಯೊಳಗೇ ಇದೆ ಎಂದು ಅವನು ಬರೆದದ್ದನ್ನು ನಮ್ಮ ಕರಪತ್ರ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದರು. ಬಳಗದಲ್ಲಿ ಅವನ ಮಾತೆಂದರೆ ಮಾತು. ಅವನಿಗೆ ಅಷ್ಟು ಮರ್ಯಾದೆ ಮುಷ್ಕರದ ಹಾರದ ನಂತರ ಬೇರೆಲ್ಲೂ ಸಿಕ್ಕಿರಲಿಲ್ಲ.

ಅತ್ತಿಗೆಯ ವಿಷಯಕ್ಕೆ ಬರೋಣ.

ಕಾರ್ಖಾನೆ ಮುಚ್ಚಿದ ಮೇಲೆ ಅವರು ಹೊಲಿಗೆ ಮಿಷನ್ ಇಟ್ಟುಕೊಂಡರು. ಇಡಲು ಜಾಗ? ಕೋಣೆಯಲ್ಲಿ ಆನೆ ಕುದುರೆ ಇದ್ದವಲ್ಲ, ಮಿಷನ್ ನಡುಹಾದಿಯಲ್ಲಿ ಕೂತಿತು, ಕೋಣೆಯ ಹೊಸ್ತಿಲಿಗೂ ಅಡುಗೆಮನೆಯ ಹೊಸ್ತಿಲಿಗೂ ನಡುವೆ. ಅಲ್ಲಿ ಹಗಲಲ್ಲೂ ದೀಪ ಬೇಕು. ಹೋಗುವವರು ಬರುವವರೆಲ್ಲ ಅವರ ಮೊಣಕೈಗೆ ತಾಗಿಯೇ ಹೋಗಬೇಕು. ನಾನು ಹೋದರೂ ತಾಗುತ್ತಿತ್ತು. ತಾಗಿದಾಗೆಲ್ಲ ಹೊಲಿಗೆ ಸೊಟ್ಟಗಾಗುತ್ತಿತ್ತು, ಅವರು ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಆ ಮನೆಯಲ್ಲಿ ಬಿಚ್ಚುವ ಕೆಲಸ ಮಾಡುತ್ತಿದ್ದವರು ಅವರೊಬ್ಬರೇ.

ಆಗ ದೊಡ್ಡ ಆಸ್ಪತ್ರೆಯೊಂದರಿಂದ ರೋಗಿಗಳ ನಿಲುವಂಗಿ ಹೊಲಿಯುವ ಕೆಲಸ ಬಂತು. ವರ್ಷವಿಡೀ ಮುಗಿಯದ ಕೆಲಸ. ಅಕ್ಕಪಕ್ಕದ ಇಬ್ಬರು ಹೆಂಗಸರು ಜೊತೆ ಸೇರಲು ಒಪ್ಪಿದರು. ಆದರೆ ಬಟ್ಟೆ ಕತ್ತರಿಸಲು ಉದ್ದನೆಯ ಮೇಜು ಬೇಕು, ಮೂರು ಮಿಷನ್ ಹಿಡಿಸುವ ಜಾಗ ಬೇಕು, ಬೆಳಕು ಬೇಕು. ತಿಂಗಳು ತುಂಬುವುದರೊಳಗೆ ಜಾಗ ತೋರಿಸದಿದ್ದರೆ ಕೆಲಸ ಬೇರೆಯವರಿಗೆ ಎಂದು ಆಸ್ಪತ್ರೆಯವರು ಹೇಳಿದರು. ಅತ್ತಿಗೆ ಗಂಡನಿಗೆ ಹೇಳಿದರು. ಅವನು ನೋಡೋಣ ಎಂದ.

ನೋಡೋಣ ಎಂಬ ಮಾತಿನ ಅರ್ಥ ಗೊತ್ತಿಲ್ಲದಷ್ಟು ಮೂರ್ಖರಲ್ಲ ಅತ್ತಿಗೆ. ಮಾಲೀಕರ ಬಾಯಲ್ಲಿ ವರ್ಷಗಟ್ಟಲೆ ಕೇಳಿದವರು. ಮಾರನೆಯ ಬೆಳಿಗ್ಗೆ ಕೋಣೆಯ ಬಾಗಿಲಿಗೆ ಗುಂಡುಪಿನ್ನಿನಿಂದ ಒಂದು ನೋಟೀಸು ಚುಚ್ಚಿದರು. ಬೇಡಿಕೆ ಒಂದೇ: ಕೋಣೆ ಬಿಡಿ. ಹಾಗೆ ನೋಟೀಸು ಬರೆಯುವುದನ್ನು ಅವರಿಗೆ ಕಲಿಸಿದವನೇ ಗೇಟು.

ಆಮೇಲೆ ನಡೆದದ್ದನ್ನು ನೋಡಿ ನನಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಗೇಟಿಗೆ ಅಡ್ಡ ಮಲಗಿದ್ದವನು ಅಪ್ಪಟ ಮಾಲೀಕನಾಗಿಬಿಟ್ಟ. ಬೇಡಿಕೆಯನ್ನು ತಾತ್ವಿಕವಾಗಿ ಒಪ್ಪಿದ್ದೇನೆ ಎಂದ. ಪರಿಶೀಲನೆಗೆ ಸಮಿತಿ ಮಾಡಿದ, ಸಮಿತಿಯಲ್ಲಿ ಅವನೊಬ್ಬನೇ. ಸಮಿತಿ ಕೋಣೆಯ ಒಂದು ಕಿಟಕಿಯ ಕಟ್ಟೆಯನ್ನು ಬಿಟ್ಟುಕೊಡಬಹುದೆಂದು ಶಿಫಾರಸು ಮಾಡಿತು, ಕಪ್ಪು ಬಟ್ಟೆ ತೆಗೆಯಬಾರದೆಂಬ ಷರತ್ತಿನ ಮೇಲೆ. ಆ ಇಬ್ಬರು ನೆರೆಯ ಹೆಂಗಸರನ್ನು ಹೊರಗಿನ ಶಕ್ತಿಗಳು ಎಂದು ಕರೆದ. ನಮ್ಮನ್ನು ಹಾಗೆ ಕರೆದಿದ್ದಕ್ಕೆ ಹಿಂದೊಮ್ಮೆ ಮ್ಯಾನೇಜರನ ಕೊರಳಪಟ್ಟಿಗೆ ಕೈ ಹಾಕಿದ್ದವನು ಇವನೇ.

ಅತ್ತಿಗೆ ಜಗಳ ಆಡಲಿಲ್ಲ. ನಿಯಮದ ಪ್ರಕಾರ ಕೆಲಸ ಎಂಬ ಹಳೆಯ ಆಯುಧ ತೆಗೆದರು. ಟೀ ಎಂದರೆ ಟೀ ಬಂತು, ಸಕ್ಕರೆ ಇರಲಿಲ್ಲ. ಸಕ್ಕರೆ ಯಾಕಿಲ್ಲ ಎಂದರೆ ನೀವು ಕೇಳಿದ್ದು ಟೀ. ಅಂಗಿ ಒಗೆದು ಕೊಟ್ಟರು, ಒಣಗಿಸಲಿಲ್ಲ. ಒಗೆಯುವುದು ಬೇರೆ, ಒಣಗಿಸುವುದು ಬೇರೆ ವಿಭಾಗ. ಮೂರನೆಯ ದಿನಕ್ಕೆ ಗೇಟು ಒದ್ದೆ ಅಂಗಿ ಹಾಕಿಕೊಂಡು ನಮ್ಮ ಮನೆಗೆ ಬಂದ. ಅವನ ಬೆನ್ನಿಗೇ ಅತ್ತಿಗೆಯೂ ಬಂದರು. ಮಧ್ಯಸ್ಥಿಕೆಗೆ ನಾನೇ ಆಗಬೇಕು ಎಂಬುದು ಇಬ್ಬರೂ ಒಪ್ಪಿದ ಒಂದೇ ಒಂದು ಅಂಶ.

ನಾನು ಜೀವನದಲ್ಲಿ ಮಧ್ಯಸ್ಥಿಕೆ ಮಾಡಿದ್ದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆಯೇ. ಅರ್ಧರ್ಧ ಮಾಡಿಕೊಳ್ಳಿ ಎಂದೆ. ಅರ್ಧ ಕೋಣೆಯಲ್ಲಿ ಬಟ್ಟೆ ಕತ್ತರಿಸಿದರೆ ಧೂಳು ಏಳುತ್ತದೆ, ಪೆಟ್ಟಿಗೆಗೆ ಧೂಳು ಆಗದು ಎಂದ ಗೇಟು. ಅರ್ಧ ಕೋಣೆಯಲ್ಲಿ ಮೇಜು ಹಿಡಿಸದು ಎಂದರು ಅತ್ತಿಗೆ. ಆಮೇಲೆ ಗೇಟು ಭಾಷಣಕ್ಕೆ ನಿಂತ. ಅವು ಬರೀ ಪೆಟ್ಟಿಗೆಗಳಲ್ಲ, ಒಂದೊಂದರೊಳಗೂ ನಡೆಯಬಲ್ಲ ಜೀವ ಇದೆ, ಜೀವ ಇರುವವರನ್ನು ಒಕ್ಕಲೆಬ್ಬಿಸುವುದನ್ನು ನಾವು ಯಾವತ್ತು ಒಪ್ಪಿದ್ದೇವೆ ಎಂದೆಲ್ಲ ಹೇಳಿದ. ಅತ್ತಿಗೆ ಸೆರಗಿನ ತುದಿಗೆ ಸಿಕ್ಕಿಸಿದ್ದ ಸೂಜಿಯನ್ನು ತೆಗೆದು ಮತ್ತೆ ಸಿಕ್ಕಿಸಿದರು.

"ಜೀವ ಇದೆ ಅಂತೀರಾ?"

"ಇದೆ. ನನ್ನ ಕಿವೀಲಿ ಕೇಳಿದ್ದೀನಿ."

"ಹಾಗಾದ್ರೆ ಯಾವುದಾದರೂ ಒಂದು ಪ್ರಾಣಿ ಕೋಣೆ ಹೊಸ್ತಿಲಿಂದ ಅಡುಗೆಮನೆ ಹೊಸ್ತಿಲ ತನಕ ನಡೆದು ತೋರಿಸ್ಲಿ. ನಡೆದ್ರೆ ಕೋಣೆ ಅವುಗಳದ್ದೇ. ಆಸ್ಪತ್ರೆಯವರಿಗೆ ಆಗಲ್ಲ ಅಂತ ಹೇಳಿಬಿಡ್ತೀನಿ, ಮತ್ತೆ ಯಾವತ್ತೂ ಬಾಯಿ ಎತ್ತಲ್ಲ. ನಡೀಲಿಲ್ಲ ಅಂದ್ರೆ ಕೋಣೆ ನಂದು. ಅಣ್ಣಾ, ಬರ್ಕೊಳ್ಳಿ, ಯಾವುದಾದರೂ ಒಂದು."

ಬರೆದುಕೊಂಡೆ. ಗೇಟಿನ ಮುಖ ನೋಡುವ ಹಾಗಿತ್ತು. ನಡೆಸಬೇಕೆಂದರೆ ಬಿಚ್ಚಬೇಕು. ಬಿಚ್ಚಿದರೆ ಅವನೇ ಬರೆದ ಸಿದ್ಧಾಂತದ ಪ್ರಕಾರ ಅವನೇ ಆತುರಗಾರ, ರೋಗಿಷ್ಠ. ಬಿಚ್ಚದಿದ್ದರೆ ಕೋಣೆ ಹೋಯಿತು. ಎರಡು ದಿನ ಸಮಯ ಕೇಳಿದ. ಸಮಿತಿ ಮಾಡಬೇಡ ಎಂದು ಹೇಳಿ ಕೊಟ್ಟೆವು.

ಅವನು ಬಳಗಕ್ಕೆ ಹೋಗಿ ವಿಶೇಷ ಅನುಮತಿ ಕೇಳಿದ. ಅಲ್ಲಿ ಅರ್ಧ ದಿನ ಚರ್ಚೆಯಾಯಿತಂತೆ. ಉಳಿದ ಪ್ರಾಣಿಗಳ ರಕ್ಷಣೆಗಾಗಿ ಒಂದು ಪ್ರಾಣಿಯ ತ್ಯಾಗ ತಾತ್ಕಾಲಿಕ ತಂತ್ರವೇ ಹೊರತು ಸಿದ್ಧಾಂತದ ಬದಲಾವಣೆಯಲ್ಲ ಎಂದು ಹಲ್ಲಿನ ಡಾಕ್ಟರು ನಿರ್ಣಯ ಬರೆದರು. ವೀಕ್ಷಕರಾಗಿ ತಾವೇ ಬರುವುದಾಗಿ ಹೇಳಿ ಕಳುಹಿಸಿದರು. ಯಾವ ಪ್ರಾಣಿ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನ ಇರಲಿಲ್ಲ. ಐದು ನಕ್ಷತ್ರದ ಆನೆ.

ಆ ಬೆಳಿಗ್ಗೆ ನಾವು ನಡುಹಾದಿಯಲ್ಲಿ ಒಬ್ಬರ ಮೊಣಕೈಗೆ ಒಬ್ಬರು ತಾಗಿಕೊಂಡು ನಿಂತಿದ್ದೆವು. ನೆರೆಯ ಇಬ್ಬರು ಹೆಂಗಸರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಅವರ ಕೆಲಸವೂ ಆ ಆನೆಯ ಕಾಲಿಗೆ ಕಟ್ಟಿದ ಹಾಗಿತ್ತು ಎಂಬುದನ್ನು ಮರೆಯಬಾರದು. ಗೇಟು ಸ್ನಾನ ಮಾಡಿ ಬಂದಿದ್ದ. ಆನೆಯ ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಕೊನೆಯ ಸಲ ಅಲುಗಾಡಿಸಿದ. ಗಲಗಲ ಎಂದಿತು. ಡಾಕ್ಟರು ಕಣ್ಣು ಮುಚ್ಚಿ ತಲೆದೂಗಿದರು.

ಪಟ್ಟಿ ಹರಿಯಲು ಅವನ ಕೈ ಬರಲಿಲ್ಲ. ಅತ್ತಿಗೆ ಮಿಷನ್ನಿನ ಮೇಲಿದ್ದ ಕತ್ತರಿ ಚಾಚಿದರು. ಅವನು ತೆಗೆದುಕೊಂಡು ಮುಖ ಆ ಕಡೆ ತಿರುಗಿಸಿ ಕತ್ತರಿಸಿದ.

ಮೊದಲು ಬಂದದ್ದು ವಾಸನೆ, ಹಳೆಯ ರಬ್ಬರು ಕರಗಿದ ವಾಸನೆ. ಆಮೇಲೆ ಅವನು ಪೆಟ್ಟಿಗೆಯನ್ನು ನೆಲದ ಮೇಲೆ ಹಾಸಿದ ಬಟ್ಟೆಗೆ ಬೋರಲು ಹಾಕಿದ. ಆನೆ ಬಿತ್ತು. ಆನೆ ಎಂದರೆ ಎಲ್ಲಿಯ ಆನೆ, ಚೂರು. ಮೋಟಾರಿನ ಗೂಡು ಎರಡಾಗಿತ್ತು. ಹಲ್ಲಿನ ಚಕ್ರಗಳಲ್ಲಿ ಹಲ್ಲೇ ಇರಲಿಲ್ಲ, ಅವೆಲ್ಲ ಉದುರಿ ಅಕ್ಕಿಯ ನುಚ್ಚಿನ ಹಾಗೆ ಬಟ್ಟೆಯ ಮೇಲೆ ಹರಡಿಕೊಂಡವು. ಕಾಲಿನ ಸರಳುಗಳು ತುಂಡಾಗಿದ್ದವು. ಸೊಂಡಿಲು ಮಾತ್ರ ಇಡಿಯಾಗಿತ್ತು. ಡಾಕ್ಟರು ಬಗ್ಗಿ ಒಂದು ಚಕ್ರ ಎತ್ತಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ಇದನ್ನು ಉಳಿಸಲು ಬರುವುದಿಲ್ಲ ಎಂದರು. ಅಭ್ಯಾಸಬಲ.

ಅತ್ತಿಗೆ ಕೆಳಗೆ ಕೂತು ಆ ನುಚ್ಚನ್ನು ಬೆರಳಿಂದ ಕೆದಕಿದರು. ಒಡೆದ ಅಂಚುಗಳೆಲ್ಲ ತಿಕ್ಕಿ ತಿಕ್ಕಿ ನುಣ್ಣಗಾಗಿದ್ದವು. ಒಂದು ದಿನದಲ್ಲಿ ಒಡೆದದ್ದಲ್ಲ ಅದು.

"ನೀವು ಅಲುಗಾಡಿಸಿ ಅಲುಗಾಡಿಸಿ ಒಡೆದಿದ್ದೀರಿ," ಎಂದರು. "ಬಲ್ಬಿನ ಹತ್ರ ಅಷ್ಟು ವರ್ಷ ನಿಂತಿದ್ದವರು. ಒಳಗೆ ಸದ್ದಾದ್ರೆ ಏನು ಮಾಡ್ತಿದ್ರಿ?"

ಬುಟ್ಟಿಗೆ ಎಸೆಯುತ್ತಿದ್ದ ಎಂಬುದು ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಸದ್ದು ಮಾಡುವುದನ್ನು ಜೀವಮಾನವಿಡೀ ಬುಟ್ಟಿಗೆ ಹಾಕಿದವನು ಇಲ್ಲಿ ಬಂದು ಸದ್ದಿಗೇ ನಕ್ಷತ್ರ ಹಂಚಿದ್ದ. ಅವನೊಬ್ಬನನ್ನೇ ಏನು ಅನ್ನುವುದು. ನಮ್ಮ ಚಳವಳಿಯೂ ಹಾಗೆಯೇ, ಗಲಗಲ ಅನ್ನುವವನನ್ನು ಹುಡುಕಿ ಹುಡುಕಿ ವೇದಿಕೆ ಹತ್ತಿಸಿತು. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮಗೆ ಒಂದನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು, ನಾವು ಎರಡನೇ ಕ್ಲಾಸಿಗೆ ಹೋದ ಕೂಡಲೇ ಮರೆತೆವು.

ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ತೀರ್ಪು ಹೇಳಲು ಬಾಯಿ ತೆಗೆದೆ. ಅತ್ತಿಗೆ ತಡೆದರು.

"ಇರಿ ಅಣ್ಣಾ. ಒಪ್ಪಂದದಲ್ಲಿ ಯಾವುದಾದರೂ ಒಂದು ಅಂತ ಇದೆ. ಆನೆ ಅಂತ ಇಲ್ಲ. ಇನ್ನೊಂದು ತೆಗೀಲಿ."

ಹೊಸ್ತಿಲ ಮೇಲಿನ ಹೆಂಗಸರಲ್ಲಿ ಒಬ್ಬಾಕೆ, ಇವಳಿಗೆ ತಲೆ ಕೆಟ್ಟಿದೆ, ಗೆದ್ದ ಮೇಲೆ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ಗೊಣಗಿದಳು. ಅತ್ತಿಗೆ ಕೇಳಿಸಿಕೊಳ್ಳಲಿಲ್ಲ. ಒಪ್ಪಂದ ಎಂದರೆ ಒಪ್ಪಂದ. ಇಂಥವರು ನಮ್ಮ ಯೂನಿಯನ್ನಿನಲ್ಲಿ ಪ್ಯಾಕಿಂಗ್ ವಿಭಾಗದಲ್ಲೇ ಉಳಿದರು, ಗೇಟಿನಂಥವರು ಕಾರ್ಯದರ್ಶಿಗಳಾದರು.

ಗೇಟು ಕೋಣೆಯೊಳಗೆ ಹೋದ, ಹಿಂದೆಯೇ ನಾನೂ ಹೋದೆ. ಹಲಗೆಯ ಮುಂದೆ ನಿಂತ. ಕುದುರೆಯ ಪೆಟ್ಟಿಗೆಗೆ ಕೈ ಹಾಕಿದವನು ಕೈ ಹಿಂದಕ್ಕೆ ತೆಗೆದ. ನಾಲ್ಕೂವರೆ ನಕ್ಷತ್ರದ್ದು, ಅದೂ ಗಲಗಲ. ಒಂದೊಂದೇ ಪೆಟ್ಟಿಗೆಯ ಮೇಲೆ ಅವನ ಕಣ್ಣು ಇಳಿಯುತ್ತ ಬಂತು, ಹೆಚ್ಚು ನಕ್ಷತ್ರದ್ದರಿಂದ ಕಡಿಮೆ ನಕ್ಷತ್ರದ್ದಕ್ಕೆ. ಕೊನೆಗೆ ಬಗ್ಗಿ ಮೂಲೆಯ ಆಮೆಯನ್ನು ಎತ್ತಿಕೊಂಡ. ಕಿವಿಗೆ ಹಿಡಿದ. ಅಲುಗಾಡಿಸಿದ. ಸದ್ದಿಲ್ಲ. ಇನ್ನೊಮ್ಮೆ ಜೋರಾಗಿ. ಸದ್ದಿಲ್ಲ. ನಾನು ಪರೀಕ್ಷೆ ವಿಭಾಗದಲ್ಲಿ ಅವನ ಎದುರಿಗೇ ಎಷ್ಟೋ ವರ್ಷ ನಿಂತವನು. ಬಲ್ಬು ಪಾಸಾದಾಗ ಅವನ ಹುಬ್ಬು ಒಂದಿಷ್ಟು ಮೇಲೇಳುತ್ತಿತ್ತು. ಈಗಲೂ ಎದ್ದಿತು. ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು.

"ಬಿಚ್ಚೋ," ಎಂದೆ.

ಅವನು ಪೆಟ್ಟಿಗೆಯನ್ನು ಇದ್ದ ಜಾಗದಲ್ಲೇ ಇಟ್ಟ.

"ಇದು ಬೇಡ."

"ಯಾಕೋ? ನಡೆದ್ರೆ ಕೋಣೆ ಉಳಿಯುತ್ತಲ್ಲೋ."

ಅವನು ಹೊರಗೆ ಡಾಕ್ಟರು ನಿಂತಿದ್ದ ಕಡೆ ನೋಡಿ, ಅವರಿಗೆ ಕೇಳಬಾರದೆಂದು ದನಿ ತಗ್ಗಿಸಿದ.

"ಅದಕ್ಕೆ ಒಂದು ನಕ್ಷತ್ರ ಕೊಟ್ಟಿದ್ದೀನಿ ಕಣೋ. ಅದು ನಡೆದುಬಿಟ್ರೆ ಏನು ಮಾಡ್ಲಿ?"

ನಾನು ಆ ಕತ್ತಲೆ ಕೋಣೆಯಲ್ಲೇ ಲೆಕ್ಕ ಹಾಕಿದೆ. ಆಮೆ ನಡೆದರೆ ಕೋಣೆ ಅವನದು. ಆದರೆ ಆ ಕೋಣೆಯಲ್ಲಿರುವ ಒಂದೊಂದು ನಕ್ಷತ್ರವೂ ತಲೆಕೆಳಗು. ಪಕ್ವವಾದ ಗಂಟಲು, ಮುಂಗೋಪದ ಕುದುರೆ, ಪೆಟ್ಟಿಗೆಯೊಳಗಿನ ನಿಜವಾದ ನಡಿಗೆ, ಎಲ್ಲ ಬುಟ್ಟಿಗೆ. ಸೈಕಲ್ ರಿಪೇರಿಯವನು ಏಡಿ ಹಿಡಿದು ನಗುತ್ತಾನೆ. ಗೇಟು ಹೊರಗೆ ಬಂದು, ಬಳಗದ ತೀರ್ಮಾನ ಒಂದು ಪ್ರಾಣಿಗೆ ಮಾತ್ರ, ಎರಡನೆಯದನ್ನು ಬಲಿಕೊಡಲು ತನಗೆ ಅಧಿಕಾರವಿಲ್ಲ, ಕೋಣೆ ಅವಳೇ ಇಟ್ಟುಕೊಳ್ಳಲಿ ಎಂದು ಘೋಷಿಸಿದ. ಡಾಕ್ಟರು ಅವನ ಹೆಗಲ ಮೇಲೆ ಕೈ ಇಟ್ಟರು. ನಮ್ಮಲ್ಲಿ ನೆಲ ಕಳೆದುಕೊಂಡು ಮಾತು ಉಳಿಸಿಕೊಂಡ ಮುಖಂಡರನ್ನು ಬೇಕಾದಷ್ಟು ನೋಡಿದ್ದೇನೆ. ಹೆಂಡತಿಗೆ ಅದರಿಂದ ಲಾಭವಾದದ್ದನ್ನು ನೋಡಿದ್ದು ಅದೇ ಮೊದಲು.

ಅತ್ತಿಗೆ ಒಳಗೆ ಹೋಗಿ ಕಿಟಕಿಯ ಕಪ್ಪು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಗುಂಡುಮೊಳೆಗಳು ಪಟಪಟ ಉದುರಿದವು. ಆ ಬಟ್ಟೆ ಒಳ್ಳೆಯದಿದೆ, ಒಳಪದರಕ್ಕೆ ಆಗುತ್ತದೆ ಎಂದರು ನೆರೆಯವರು.

ಪೆಟ್ಟಿಗೆಗಳು ಮಂಚದ ಕೆಳಗೆ, ಕಪಾಟಿನ ಮೇಲೆ, ಬಚ್ಚಲಿನ ಅಟ್ಟಕ್ಕೆ ಹಂಚಿಹೋದವು. ಕೋಣೆಗೆ ಉದ್ದನೆಯ ಮೇಜು ಬಂತು, ಮೂರು ಮಿಷನ್ ಬಂದವು, ಆಸ್ಪತ್ರೆಯ ಬಟ್ಟೆಯ ಮೂಟೆ ಬಂತು. ನಡುಹಾದಿಯಲ್ಲಿ ಮಿಷನ್ ಇದ್ದ ಜಾಗದಲ್ಲಿ ಗೇಟಿನ ಕುರ್ಚಿ, ಅವನ ಫೋನು, ಫೋನು ನಿಲ್ಲಿಸುವ ಕಡ್ಡಿ. ಈಗ ಹೋಗುವವರು ಬರುವವರು ಅವನ ಮೊಣಕೈಗೆ ತಾಗುತ್ತಾರೆ.

ಸೋತು ಮೂಲೆ ಸೇರಿದನೇ? ಇಲ್ಲ. ಬಳಗದ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಅವನ ಅತಿದೊಡ್ಡ ವಿಮರ್ಶೆ ಬಂತು. ಬಿಚ್ಚುವ ತನಕ ಆನೆ ಜೀವಂತವಾಗಿತ್ತು, ಆ ಬೆಳಿಗ್ಗೆಯೂ ಅದರ ದನಿಯನ್ನು ಅಧ್ಯಕ್ಷರೇ ಕೇಳಿದ್ದಾರೆ, ಕತ್ತರಿ ತಾಗಿದ ಕ್ಷಣ ಪ್ರಾಣ ಬಿಟ್ಟಿತು, ಬಿಚ್ಚುವುದು ಕೊಲೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಬರೆದಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳು, ಸರಿ. ನೆಲ ಡೊಂಕು ಎಂಬುದನ್ನೇ ಸಿದ್ಧಾಂತ ಮಾಡಿ ಅಚ್ಚು ಹಾಕಿಸಿದವನು ಇವನೊಬ್ಬನೇ. ಬಳಗದಲ್ಲಿ ಅದನ್ನು ಎದ್ದು ನಿಂತು ಓದಿದರಂತೆ. ಬಿಚ್ಚುವ ಬಣದಿಂದ ಇಬ್ಬರು ಪಶ್ಚಾತ್ತಾಪಪಟ್ಟು ಮರಳಿ ಬಂದರು. ಆನೆಯ ಸೊಂಡಿಲನ್ನು ಡಾಕ್ಟರು ಹಲ್ಲಿನ ಅಚ್ಚುಗಳಿಡುವ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ. ನಾವು ಒಂದು ಮುಷ್ಕರ ಸೋತಾಗ ನೈತಿಕ ಗೆಲುವು ಎಂದು ಕರಪತ್ರ ಹಂಚಿದ್ದೆವು, ಆ ಕರಪತ್ರ ಬರೆದವನು ನಾನು. ಆದ್ದರಿಂದ ಇದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಆಮೆಯ ವಿಷಯ ಉಳಿಯಿತು. ನಿಲುವಂಗಿಯ ಗುಂಡಿಗಳನ್ನು ಹಾಕಿಡಲು ಅತ್ತಿಗೆಗೆ ಒಂದು ಗಟ್ಟಿ ಪೆಟ್ಟಿಗೆ ಬೇಕಾಗಿತ್ತು. ಮಂಚದ ಕೆಳಗಿನಿಂದ ಆಮೆಯದನ್ನು ಎಳೆದು ತಂದು, ಇದು ತಗೊಳ್ಳಲೇ ಎಂದು ಕೇಳಿದರು. ನಾನು ಅಲ್ಲೇ ಇದ್ದೆ. ಅವನು ಏನು ಹೇಳಬಲ್ಲ? ಬೇಡ ಎಂದರೆ ಅದರಲ್ಲಿ ಏನೋ ಇದೆ ಎಂದು ಒಪ್ಪಿಕೊಂಡ ಹಾಗೆ. ಒಂದು ನಕ್ಷತ್ರದ ಮಾಲು ತಾನೇ, ತಗೋ ಎಂದ. ಅವರು ಪೆಟ್ಟಿಗೆ ಸೀಳಿ, ಒಳಗಿದ್ದದ್ದನ್ನು ಮೇಜಿನ ಮೇಲೆ ಸುರಿದು, ಗುಂಡಿ ತುಂಬಿದರು. ಸುರಿದದ್ದು ಎಲ್ಲ ಇಡಿಯಾಗಿತ್ತು, ಹತ್ತಿಯಲ್ಲಿ ಸುತ್ತಿ ಚೌಕಟ್ಟಿಗೆ ಅಂಟಿಸಿ ಬಿಗಿಯಾಗಿ ಕೂರಿಸಿದ್ದರು. ಪ್ಯಾಕಿಂಗ್ ಮಾಡಿದವರು ಕೆಲಸ ಬಲ್ಲವರು ಎಂದು ಅತ್ತಿಗೆ ಮೆಚ್ಚಿಕೊಂಡರು. ಊಟದ ಬಿಡುವಿನಲ್ಲಿ ಮೂವರೂ ಸೇರಿ, ಚಿತ್ರ ನೋಡಿಕೊಂಡು, ಹರಟೆ ಹೊಡೆಯುತ್ತ ಅದನ್ನು ಜೋಡಿಸಿದರು. ಒಂದು ತಿರುಪು ಉಳಿಯಿತು. ಯಾವುದರದ್ದೋ ಏನೋ ಎಂದು ಅದನ್ನೂ ಗುಂಡಿಯ ಜೊತೆ ಹಾಕಿದರು.

ಮೊನ್ನೆ ನಾನು ಹೋದಾಗ ಗೇಟು ನಡುಹಾದಿಯಲ್ಲಿ ಕೂತು ಫೋನಿನ ಮುಂದೆ ಕುದುರೆಯನ್ನು ಅಲುಗಾಡಿಸುತ್ತಿದ್ದ. ಕುದುರೆಯ ದನಿಯಲ್ಲಿ ಈಚೆಗೆ ಒಂದು ಪ್ರೌಢತೆ ಬಂದಿದೆ, ಗಮನವಿಟ್ಟು ಕೇಳಿ ಎನ್ನುತ್ತಿದ್ದ. ನಾನೂ ಗಮನವಿಟ್ಟು ಕೇಳಿದೆ. ಗಲಗಲದ ಹಿಂದೆ ಇನ್ನೊಂದು ಸದ್ದು ಇತ್ತು, ಕಿರ್ ಕಿರ್ ಎಂದು, ಸಣ್ಣಗೆ, ಒಂದೇ ಲಯದಲ್ಲಿ. ಅವನ ವೀಕ್ಷಕರೂ ಅದನ್ನು ಕೇಳಿ ಪ್ರಶ್ನೆ ಹಾಕಿದ್ದಾರಂತೆ. ಹೊಲಿಗೆ ಮಿಷನ್ ಸದ್ದು, ದಯವಿಟ್ಟು ನಿರ್ಲಕ್ಷಿಸಿ ಎಂದು ಅವನು ಉತ್ತರ ಕೊಟ್ಟಿದ್ದಾನೆ.

ಒಳಗೆ ಹೆಂಗಸರು ಕೀಲಿ ಕೊಟ್ಟು ಬಿಟ್ಟಿದ್ದರು. ಆಮೆ ಕೋಣೆಯ ಹೊಸ್ತಿಲನ್ನು ಹತ್ತಿ ಇಳಿದು ಹೊರಗೆ ಬಂತು, ಬೆನ್ನ ಮೇಲೆ ದಾರ ಮುಗಿದ ಖಾಲಿ ರೀಲೊಂದನ್ನು ಹೊತ್ತುಕೊಂಡು. ನೇರವಾಗಿ ಗೇಟಿನ ಕುರ್ಚಿಯ ಕಡೆಗೇ ಬಂದು ಅವನ ಚಪ್ಪಲಿಗೆ ಮೂಗು ತಾಗಿಸಿತು. ನಾಲ್ಕೂ ಕಾಲು ಇದ್ದಲ್ಲೇ ಆಡುತ್ತಿದ್ದವು. ಅವನು ಕೆಳಗೆ ನೋಡಲಿಲ್ಲ. ಕುದುರೆಯ ಹೊಗಳಿಕೆಯನ್ನೂ ನಿಲ್ಲಿಸಲಿಲ್ಲ. ಮೊದಲು ಬಲಗಾಲು ಎತ್ತಿದ, ಆಮೇಲೆ ಎಡಗಾಲು. ಆಮೆ ಕುರ್ಚಿಯ ಅಡಿಯಿಂದ ಸಾಗಿ ಅಡುಗೆಮನೆಯ ಹೊಸ್ತಿಲು ಮುಟ್ಟಿತು.